ಸೆಲ್ಫ್ ಹೊಡೆಯದ ಗಾಡಿ, ಬಿಸಿಯಾದ ಕ್ಲಚ್ ಕೇಬಲ್

ನಮ್ಮ ಮನೆಯಲ್ಲಿರುವುದು 1998ರ ಮಾರುತಿ 800. ಕಾರ್ಬುರೇಟರ್ ಗಾಡಿ, ಮೂರು ಸಿಲಿಂಡರ್, 796 ಸಿಸಿ. ನಾನು ತಗೊಂಡಾಗಲೇ ಅದಕ್ಕೆ ಇಪ್ಪತ್ತು ವರ್ಷ ದಾಟಿತ್ತು. ಸಾಗರದ ಹತ್ತಿರ ನಮ್ಮ ಊರು. ಮನೆಯಿಂದ ಡಾಂಬರು ರಸ್ತೆ ಸೇರಬೇಕಾದರೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. ಆ ದಾರಿಗೆ ಇಂಥ ಹಗುರ ಗಾಡಿಯೇ ಸರಿ ಅಂತ ನನಗೆ ಈಗಲೂ ಅನಿಸುತ್ತದೆ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಎರಡು ವರ್ಷದ ಹಿಂದೆ, ಆಷಾಢದ ಜಡಿಮಳೆಯಲ್ಲಿ ತೊಂದರೆ ಶುರುವಾಯಿತು. ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ಇಂಜಿನ್ ತಿರುಗುವುದಿಲ್ಲ. ನಾಲ್ಕೈದು ಸಲ ಪ್ರಯತ್ನಿಸಿದರೆ ಒಮ್ಮೊಮ್ಮೆ ಎದ್ದುಬಿಡುತ್ತಿತ್ತು. ಇಲ್ಲದಿದ್ದರೆ ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಹಾಗಾಗಿ ಎಲ್ಲೇ ಹೋದರೂ ಇಳಿಜಾರು ಹುಡುಕಿ ನಿಲ್ಲಿಸುವುದು ಅಭ್ಯಾಸವಾಯಿತು.

ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು, ಹೊಸದು ಹಾಕಿಸಿದೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಟಕ್. ಪೇಟೆಯ ಎಲೆಕ್ಟ್ರಿಷಿಯನ್ ಇಂಜಿನ್ ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟರ್ ಬಿಚ್ಚಿ ಕಾರ್ಬನ್, ಬುಶ್ ಎರಡೂ ಹೊಸದು ಹಾಕಿದರು. ಟೇಬಲ್ ಮೇಲಿಟ್ಟು ಬ್ಯಾಟರಿ ಕೊಟ್ಟರೆ ಮೋಟರ್ ಜೋರಾಗಿ ತಿರುಗಿತು. ಗಾಡಿಗೆ ಕೂರಿಸಿದರೆ ಮತ್ತದೇ ಕಥೆ. "ಮೇಷ್ಟ್ರೇ, ಮೋಟರಲ್ಲಿ ಏನೂ ಇಲ್ಲ, ನೀವೇ ನೋಡಿದ್ರಲ್ಲ" ಅಂದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಇದರ ನಡುವೆ ಕ್ಲಚ್ ಪೆಡಲ್ ಗಟ್ಟಿಯಾಗತೊಡಗಿತು. ಹಳೇ ಗಾಡಿ, ಕೇಬಲ್ ಸವೆದಿರಬೇಕು ಅಂತ ಅದನ್ನೂ ಬದಲಾಯಿಸಿದೆ. ಹೊಸ ಕೇಬಲ್ ಇಪ್ಪತ್ತು ದಿನಕ್ಕೆ ಗಟ್ಟಿಯಾಯಿತು. ಇದು ಬೇರೆ ತೊಂದರೆ, ಅದು ಬೇರೆ ತೊಂದರೆ ಅಂತಲೇ ನಾನು ಅಂದುಕೊಂಡಿದ್ದೆ.

ಒಂದು ಭಾನುವಾರ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಿ ಸೆಲ್ಫ್ ಹೊಡೆಯುತ್ತಿದ್ದೆ. ಬಾನೆಟ್ ಹತ್ತಿರ ನಿಂತಿದ್ದ ಮಗಳು "ಅಪ್ಪಾ, ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ" ಅಂದಳು. ಇಳಿದು ಬಂದು ಒಂದೊಂದೇ ವೈರ್ ಮುಟ್ಟಿ ನೋಡಿದೆ. ಬ್ಯಾಟರಿ ಕೇಬಲ್ ತಣ್ಣಗಿತ್ತು. ಆದರೆ ಕ್ಲಚ್ ಕೇಬಲ್ ಮುಟ್ಟಿದರೆ ಆಗಷ್ಟೇ ಕಾಫಿ ಬಗ್ಗಿಸಿದ ಲೋಟದ ಹಾಗೆ ಬಿಸಿ! ಇಂಜಿನ್ ಒಂದು ಸುತ್ತೂ ತಿರುಗಿಲ್ಲ, ಪೆಡಲ್ ಯಾರೂ ತುಳಿದಿಲ್ಲ. ಮತ್ತೆ ಈ ಉಕ್ಕಿನ ತಂತಿ ಯಾಕೆ ಬಿಸಿಯಾಗಬೇಕು?

ಸ್ವಲ್ಪ ಹೊತ್ತು ಅಲ್ಲೇ ಕೂತು ಯೋಚಿಸಿದೆ. ಬ್ಯಾಟರಿಯ ಪ್ಲಸ್‌ನಿಂದ ಸೆಲ್ಫ್ ಮೋಟರಿಗೆ ಹೋದ ಕರೆಂಟ್ ಇಂಜಿನ್ ಮೈಯ ಮೂಲಕವೇ ಮೈನಸ್‌ಗೆ ವಾಪಸ್ ಬರಬೇಕು. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಇಂಜಿನ್ನನ್ನೂ ಗಾಡಿಯ ಬಾಡಿಯನ್ನೂ ಸೇರಿಸುವ ಒಂದು ಲೋಹದ ಪಟ್ಟಿ, ಅಂದರೆ ಅರ್ತ್ ಪಟ್ಟಿ ಬೇಕು. ಆ ಪಟ್ಟಿ ಕೆಟ್ಟರೆ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ. ಇಂಜಿನ್ನಿಗೆ ಕೂಡಿಕೊಂಡಿರುವ ಗೇರ್ ಬಾಕ್ಸಿನಿಂದ ಗಾಡಿಯ ಬಾಡಿಗೆ ಲೋಹದ ಸಂಬಂಧ ಇರುವುದು ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಇಂಥವುಗಳ ಮೂಲಕ. ಅಷ್ಟು ಕರೆಂಟಿಗೆ ಅವು ಬಿಸಿಯಾಗದೆ ಇನ್ನೇನಾಗುತ್ತವೆ? ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟುತ್ತಿತ್ತು, ಪೆಡಲ್ ಗಟ್ಟಿಯಾಗುತ್ತಿತ್ತು.

ಅನುಮಾನ ಬಂದಮೇಲೆ ಪರೀಕ್ಷೆ ಮಾಡಲೇಬೇಕು. ಮಲ್ಟಿಮೀಟರ್ ತಂದು ಮೊದಲು ಬೀಪ್ ಬರುವ ಸೆಟ್ಟಿಂಗಿನಲ್ಲಿಟ್ಟು ಇಂಜಿನ್‌ಗೂ ಬಾಡಿಗೂ ಹಿಡಿದೆ. ಬೀಪ್ ಅಂತು! ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಪಟ್ಟಿಯಲ್ಲಿ ನಾಲ್ಕೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಆದರೆ ಸೆಲ್ಫ್ ಮೋಟರ್ ಎಳೆಯುವುದು ಸುಮಾರು 100 ಆಂಪಿಯರ್. ದಾರಿಯಲ್ಲಿ 0.03 ಓಮ್ ತಡೆ ಇದ್ದರೂ 3 ವೋಲ್ಟ್ ಅಲ್ಲೇ ಹೋಗುತ್ತದೆ. ಅಷ್ಟು ಸಣ್ಣ ತಡೆ ಸಾಮಾನ್ಯ ಮೀಟರಿಗೆ ಕಾಣುವುದೇ ಇಲ್ಲ. ಕರೆಂಟ್ ಹರಿಯುವಾಗಲೇ ಅಳೆಯಬೇಕು.

ಮೀಟರನ್ನು 20 ವೋಲ್ಟ್ ಡಿಸಿಗೆ ಹಾಕಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಗಿ. ಇಂಜಿನ್ ಸ್ಟಾರ್ಟ್ ಆಗದ ಹಾಗೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿನ ಕಾಯಿಲ್ ವೈರ್ ಕಿತ್ತು ಇಂಜಿನ್ನಿಗೇ ತಾಗಿಸಿ ಕಟ್ಟಿದೆ. ಮಗಳು ಒಳಗೆ ಕೂತು, ನಾನು ಹೇಳಿದಾಗ ಎರಡು ಸೆಕೆಂಡ್ ಮಾತ್ರ ಕೀ ತಿರುಗಿಸಿದಳು. ಬ್ಯಾಟರಿಯ ಎರಡು ತುದಿಗೆ ಹಿಡಿದರೆ 11.6. ಬ್ಯಾಟರಿ ಗಟ್ಟಿಯಾಗಿಯೇ ಇದೆ. ಪ್ಲಸ್‌ನಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ 0.3, ತೊಂದರೆ ಇಲ್ಲ. ಮೈನಸ್‌ನಿಂದ ಬಾಡಿಗೆ 0.1. ಮೈನಸ್‌ನಿಂದ ಗೇರ್ ಬಾಕ್ಸಿಗೆ ಹಿಡಿದಾಗ ಮೀಟರ್ 3.8 ತೋರಿಸಿತು. ಅಂದರೆ ಮೋಟರಿಗೆ ಸಿಗುತ್ತಿದ್ದುದು ಏಳೂವರೆ ವೋಲ್ಟ್ ಅಷ್ಟೇ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

ಇನ್ನೂ ಖಾತ್ರಿಯಾಗಲಿ ಅಂತ ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಗೇರ್ ಬಾಕ್ಸಿನ ಬೋಲ್ಟಿಗೆ ಕಚ್ಚಿಸಿದೆ. ಕಾಯಿಲ್ ವೈರ್ ವಾಪಸ್ ಹಾಕಿ ಕೀ ತಿರುಗಿಸಿದರೆ ಅರ್ಧ ಸುತ್ತಿಗೇ ಸ್ಟಾರ್ಟ್. ಮೀಟರ್ ಇಲ್ಲದವರು ಈ ಒಂದು ಪರೀಕ್ಷೆ ಮಾಡಿದರೂ ಸಾಕು. ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ದಯವಿಟ್ಟು ಮಾಡಿ.

ಪಟ್ಟಿ ಹುಡುಕಲು ಗಾಡಿಯ ಕೆಳಗೆ ಮಲಗಬೇಕಾಯಿತು. ಹಿಂದೆ ಯಾರೋ ಮೈನಸ್ ಕೇಬಲ್ ಬದಲಾಯಿಸುವಾಗ ಅದನ್ನು ಬಾಡಿಗೆ ಮಾತ್ರ ಕಟ್ಟಿದ್ದರು. ಗೇರ್ ಬಾಕ್ಸಿಗೆ ಇದ್ದದ್ದು ಜಡೆಯ ಹಾಗೆ ಹೆಣೆದ ತಾಮ್ರದ ಒಂದು ಹಳೇ ಪಟ್ಟಿ. ಮೇಲೆ ಕೆಸರು, ಅದನ್ನು ಕೆರೆದರೆ ಹಸಿರು ಕಿಲುಬು. ಬೆರಳಲ್ಲಿ ಸ್ವಲ್ಪ ಬಗ್ಗಿಸಿದೆ, ಹಸಿರು ಪುಡಿ ಉದುರಿ ಎಳೆಗಳು ಒಣಹುಲ್ಲಿನ ಹಾಗೆ ಪಟಪಟ ಮುರಿದವು. ಗಟ್ಟಿಯಿದ್ದವು ಹತ್ತೋ ಹನ್ನೆರಡೋ ಎಳೆ.

ಆಗ ಎರಡು ವಿಷಯ ಅರ್ಥವಾಯಿತು. ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದಾಗಲೂ ಬೆಳಕು ಮಂಕಾಗುತ್ತಿರಲಿಲ್ಲ. ಬ್ಯಾಟರಿ ಸೋತಿದ್ದರೆ ಬೆಳಕು ಪೂರ್ತಿ ಬಿದ್ದುಹೋಗಬೇಕಿತ್ತು, ಅಲ್ವಾ? ಇನ್ನೊಂದು, ಆಲ್ಟರ್ನೇಟರ್ ಕೂತಿರುವುದೂ ಇಂಜಿನ್ ಮೇಲೆಯೇ. ಅದರ ಚಾರ್ಜ್ ಕೂಡ ಇದೇ ಪಟ್ಟಿ ದಾಟಿ ಬರಬೇಕು. ಹಳೇ ಬ್ಯಾಟರಿ ಅರೆಬರೆ ಚಾರ್ಜ್ ಆಗುತ್ತಿದ್ದುದು ಬಹುಶಃ ಇದರಿಂದಲೇ.

ರಿಪೇರಿ ಮಾತ್ರ ಅರ್ಧ ಗಂಟೆಯದು. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿದೆ. ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಬೆಂಕಿ ಹಾರುತ್ತದೆ, ಜೋಪಾನ. ಎಲೆಕ್ಟ್ರಿಷಿಯನ್ ಹತ್ತಿರ ದಪ್ಪ ಬ್ಯಾಟರಿ ಕೇಬಲಿಗೆ ಎರಡೂ ಕಡೆ ಲಗ್ (ಬೋಲ್ಟ್ ಕೂರುವ ತೂತಿನ ಲೋಹದ ತುದಿ) ಒತ್ತಿಸಿಕೊಂಡು ಬಂದೆ. ಗೇರ್ ಬಾಕ್ಸಿನ ಮೇಲೂ ಬಾಡಿಯ ಮೇಲೂ ಬೋಲ್ಟ್ ಕೂರುವ ಜಾಗವನ್ನು ಉಪ್ಪು ಕಾಗದದಲ್ಲಿ ಉಜ್ಜಿ ಹೊಳೆಯುವ ಲೋಹ ಬರಿಸಿದೆ. ಪೇಂಟ್ ಮೇಲೆ ಕಟ್ಟಿದರೆ ಕಟ್ಟಿಯೂ ಉಪಯೋಗವಿಲ್ಲ. ಬಿಗಿ ಮಾಡಿದ ಮೇಲೆ ನೀರು ಇಳಿಯದ ಹಾಗೆ ಹೊರಗಿನಿಂದ ಗ್ರೀಸ್ ಬಳಿದೆ. ಬ್ಯಾಟರಿ ಮೈನಸ್‌ನಿಂದ ನೇರ ಗೇರ್ ಬಾಕ್ಸಿಗೆ ಇನ್ನೊಂದು ಕೇಬಲ್ ಕೂಡ ಎಳೆದೆ. ಒಂದು ಸೋತರೆ ಇನ್ನೊಂದಿರಲಿ.

ಮತ್ತೆ ಅಳೆದಾಗ 3.8 ಇದ್ದದ್ದು 0.15ಕ್ಕೆ ಇಳಿದಿತ್ತು. ಕ್ಲಚ್ ಕೇಬಲ್ ಇನ್ನೊಂದು ಹಾಕಿದೆ, ಅದು ಈವರೆಗೂ ಬೆಣ್ಣೆಯ ಹಾಗೆ ಓಡುತ್ತಿದೆ.

ಇದೇ ರೀತಿ ಅಳೆದು ಬಲಗಡೆಯ ಹೆಡ್‌ಲೈಟಿನ ಮಂಕನ್ನೂ ಸರಿಮಾಡಿದೆ. ಬ್ಯಾಟರಿಯಲ್ಲಿ 12.4 ಇದ್ದರೆ ಬಲ್ಬಿನ ಹತ್ತಿರ 10.2 ಇತ್ತು. ಅದರ ಅರ್ತ್ ಬೋಲ್ಟ್ ಬಿಚ್ಚಿ ಉಜ್ಜಿ ಹಾಕಿದೆ, ಹತ್ತು ನಿಮಿಷದ ಕೆಲಸ.

ಈಗ ವರ್ಷಕ್ಕೆ ಎರಡು ಸಲ, ಮುಂಗಾರು ಹಿಡಿಯುವ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ, ಆ ಬೋಲ್ಟುಗಳನ್ನು ಬಿಚ್ಚಿ ನೋಡುತ್ತೇನೆ. ಮಗಳು ಕೀ ತಿರುಗಿಸುತ್ತಾಳೆ, ನಾನು ಮೀಟರ್ ಹಿಡಿಯುತ್ತೇನೆ. ಬಂದ ಅಂಕಿಯನ್ನು ಗಾಡಿಯ ನೋಟ್‌ಬುಕ್ಕಿನಲ್ಲಿ ಅವಳೇ ತಾರೀಖು ಹಾಕಿ ಬರೆದಿಡುತ್ತಾಳೆ. ಈ ಸಲದ್ದು 0.18.