ಟೀವಿಯ ತೋಟ ನೋಡಿ ಮಲೆನಾಡಿನ ಅಂಗಳದಲ್ಲಿ ಗಿಡ ಮಾಡುವುದು ಹೇಗೆ

ಟೀವಿಯಲ್ಲಿ ಬರುವ ತೋಟದ ಕಾರ್ಯಕ್ರಮಗಳ ಬಗ್ಗೆ ನಮ್ಮ ಮನೆಯಲ್ಲಿ ಯಾವತ್ತೂ ಒಮ್ಮತ ಆಗಿಲ್ಲ. ಅತ್ತೆಗೆ ಚಂದನದ ಕೃಷಿ ಕಾರ್ಯಕ್ರಮವೇ ಆಗಬೇಕು. ಇಬ್ಬರು ಕುರ್ಚಿಯಲ್ಲಿ ಕೂತು ಎಕರೆಗೆ ಇಷ್ಟು, ಗಿಡಕ್ಕೆ ಇಷ್ಟು ಅಂತ ಮಾತಾಡುವುದನ್ನು ಮಗಳು ಐದು ನಿಮಿಷವೂ ನೋಡಲಾರಳು. ಅವಳಿಗೆ ಇಂಗ್ಲೆಂಡಿನ ತೋಟ ಬೇಕು, ಹೂವು, ಹಕ್ಕಿ, ನಾಯಿ ಎಲ್ಲ ಇರುವಂಥದ್ದು. ನಮ್ಮ ಯಜಮಾನರಿಗೆ ಎರಡೂ ಬೇಡ, "ಟೀವಿ ನೋಡಿ ಗಿಡ ಮಾಡಿದವರು ಯಾರಿದ್ದಾರೆ?" ಅಂತಾರೆ. ತೀರ್ಥಹಳ್ಳಿ ಕಡೆ ನೆಂಟರ ಮನೆಗೆ ಹೋದರೂ ಇದೇ ಮೂರು ಪಕ್ಷ. ನನಗಂತೂ ಈ ಕಾರ್ಯಕ್ರಮಗಳಿಂದ ತುಂಬಾ ಉಪಯೋಗ ಆಗಿದೆ. ಆದರೆ ನೋಡುವ ಕ್ರಮ ಗೊತ್ತಾಗುವ ಮೊದಲು ಒಂದು ದೊಡ್ಡ ಪೆಟ್ಟೂ ಬಿತ್ತು.

ಐದು ವರ್ಷದ ಹಿಂದಿನ ಮಾತು. ಒಂದು ಚಾನೆಲ್ಲಿನಲ್ಲಿ ಬೆಂಗಳೂರಿನ ತಾರಸಿ ತೋಟ ತೋರಿಸಿದರು. ಕುಂಡಕ್ಕೆ ಅರ್ಧ ಪಾಲು ಕೊಕೊಪಿಟ್, ಅಂದರೆ ತೆಂಗಿನ ನಾರಿನ ಪುಡಿ ಹಾಕಿ, ನೀರು ಹಿಡಿದಿಟ್ಟುಕೊಳ್ಳುತ್ತದೆ, ಗಿಡ ಒಣಗುವುದಿಲ್ಲ ಅಂದರು. ನನಗೆ ಎಷ್ಟು ಹಿಡಿಸಿತು ಅಂದ್ರೆ ಪೇಟೆಯಿಂದ ನಾಲ್ಕು ಇಟ್ಟಿಗೆ ಕೊಕೊಪಿಟ್ ತಂದು, ನೆನೆಸಿ, ಅಮ್ಮ ಕೊಟ್ಟಿದ್ದ ಹದಿನಾಲ್ಕು ಡೇರೆ (ಡಾಲಿಯಾ ಹೂವು) ಗೆಡ್ಡೆಯನ್ನೂ ಅದರಲ್ಲೇ ನೆಟ್ಟೆ. ಜೂನ್‌ನಲ್ಲಿ ಮೊಳಕೆ ಚೆನ್ನಾಗಿಯೇ ಬಂತು. ಪುನರ್ವಸು ಮಳೆ ಹಿಡಿದುಕೊಂಡ ಮೇಲೆ ಎಲೆ ಹಳದಿಯಾಯಿತು, ಬುಡ ಮೆತ್ತಗಾಯಿತು, ಗಿಡ ಒಂದೊಂದಾಗಿ ಮಲಗಿತು. ಕುಂಡ ಮಗುಚಿ ನೋಡಿದರೆ ಗೆಡ್ಡೆ ಕೊಳೆತ ಗೆಣಸಿನ ಹಾಗೆ ಕೈಯಲ್ಲೇ ಪಿಚಕ್ಕನೆ ಒಡೆಯಿತು, ಹುಳಿ ಹುಳಿ ವಾಸನೆ. ಉಳಿದದ್ದು ಮೂರು. ಅಮ್ಮ ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ಕಡುಕೆಂಪು ಡೇರೆ ಆ ಮೂರರಲ್ಲಿ ಇರಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅವರು ಹೇಳಿದ್ದೇನೂ ಸುಳ್ಳಾಗಿರಲಿಲ್ಲ. ಕೊಕೊಪಿಟ್ ತನ್ನ ತೂಕದ ಏಳೆಂಟು ಪಟ್ಟು ನೀರು ಹೀರುತ್ತದೆ. ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಬೆಂಗಳೂರಿನ ತಾರಸಿಯಲ್ಲಿ ಅದು ವರವೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಬೀಳುತ್ತದೆ, ಹೊಸನಗರದ ಹತ್ತಿರದ ನಮ್ಮೂರಲ್ಲೂ ಜುಲೈ ಅಂದರೆ ಬಿಡುವೇ ಇಲ್ಲದ ಮಳೆ. ಅಂಥ ಕಡೆ ಅದೇ ಕುಂಡ ಕೆಸರಿನ ಗುಂಡಿ ಆಗದೆ ಇನ್ನೇನಾಗುತ್ತದೆ? ಅಷ್ಟೇಕೆ, ಶಿವಮೊಗ್ಗ ಪೇಟೆ ಆಗುಂಬೆಯಿಂದ ತೊಂಬತ್ತು ಕಿಲೋಮೀಟರ್ ಅಷ್ಟೇ, ಅಲ್ಲಿನ ಮಳೆ ಆಗುಂಬೆಯ ಏಳನೇ ಒಂದು ಪಾಲೂ ಇಲ್ಲ. ಒಂದೇ ಜಿಲ್ಲೆ!

ಹಾಗಾಗಿ ಕಾರ್ಯಕ್ರಮ ಶುರುವಾದ ಕೂಡಲೇ ಎರಡು ವಿಷಯ ತಿಳಿದುಕೊಳ್ಳಿ: ಇದು ಎಲ್ಲಿಯ ತೋಟ, ಯಾವ ತಿಂಗಳಲ್ಲಿ ತೆಗೆದದ್ದು? ಊರು ಹೇಳದಿದ್ದರೆ ಮಾತಾಡುವವರನ್ನು ಬಿಟ್ಟು ಅವರ ಹಿಂದೆ ನೋಡಿ. ಗೋಡೆಯ ಮೇಲೆ ಪಾಚಿ ಇದೆಯಾ? ಮಣ್ಣು ನಮ್ಮ ಹಾಗೆ ಜಂಬಿಟ್ಟಿಗೆಯ ಕೆಂಪಾ, ಬಯಲುಸೀಮೆಯ ಕಪ್ಪಾ? ಎಲೆಯ ಮೇಲೆ ಧೂಳು ಕೂತಿದೆಯಾ? ಪಾಚಿ ಕಂಡರೆ ಹತ್ತಿರ ಕೂತು ಕೇಳಿ. ಧೂಳು ಕಂಡರೆ ಅವರು ಹೇಳುವ ಮಣ್ಣಿನ ಅಳತೆಯನ್ನೂ ನೀರಿನ ಅಳತೆಯನ್ನೂ ಮಳೆಗಾಲದ ಮಟ್ಟಿಗೆ ಮರೆತುಬಿಡಿ. ಸವರುವ ರೀತಿ, ಕಸಿ ಕಟ್ಟುವ ರೀತಿ ಎಲ್ಲಿಯದಾದರೂ ಕಲಿಯಬಹುದು.

ಇಂಗ್ಲೆಂಡಿನ ಕಾರ್ಯಕ್ರಮಗಳಿಗೂ ಇದೇ ಲೆಕ್ಕ. ಬಿಬಿಸಿಯ ಗಾರ್ಡನರ್ಸ್ ವರ್ಲ್ಡ್ 1968ರಿಂದ ಬರುತ್ತಿದೆ. ಮಾಂಟಿ ಡಾನ್ 2011ರಿಂದ ಹಿಯರ್‌ಫರ್ಡ್‌ಶೈರ್‌ನ ತಮ್ಮ ಸ್ವಂತ ತೋಟದಲ್ಲೇ ಅದನ್ನು ನಡೆಸುತ್ತಾ ಬಂದಿದ್ದಾರೆ. ಬರೀ ನೋಟ ಚಂದ, ಕಲಿಯುವುದಕ್ಕೆ ಏನಿಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಡೇರೆಯ ಕುಡಿ ಚಿವುಟುವುದನ್ನು ನಾನು ಸರಿಯಾಗಿ ಕಲಿತದ್ದು ಅಲ್ಲಿಂದಲೇ. ಆದರೆ ಅವರ ಕಾಲ ಬೇರೆ. ಅಲ್ಲಿ ಹಿಮದ ಭಯ ಕಳೆದ ಮೇಲೆ, ಮೇ ಕೊನೆಯ ಹೊತ್ತಿಗೆ ಡೇರೆಯನ್ನು ಹೊರಗೆ ನೆಡುತ್ತಾರೆ. ಶರತ್ಕಾಲದ ಮೊದಲ ಹಿಮಕ್ಕೆ ಎಲೆ ಕಪ್ಪಾದಾಗ ಗೆಡ್ಡೆ ಕೀಳುತ್ತಾರೆ. ನಾವೂ ಹೆಚ್ಚುಕಡಿಮೆ ಮೇ ಕೊನೆಗೇ ನೆಡುತ್ತೇವೆ, ಅದೊಂದು ಚೆಂದದ ಕಾಕತಾಳೀಯ. ನಮ್ಮ ಭಯ ಮಾತ್ರ ಮಳೆಯದ್ದು. ಲಂಡನ್ನಿನಲ್ಲಿ ವರ್ಷಪೂರ್ತಿ ಸುಮಾರು 600 ಮಿಲಿಮೀಟರ್ ಬೀಳುತ್ತದೆ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಿಗೆ ಅದರ ಮೂರು ಪಟ್ಟು ದಾಟುತ್ತದೆ. ಇನ್ನು ಅವರು "ಪೂರ್ತಿ ಬಿಸಿಲಿಗಿಡಿ" ಅಂದರೆ ಅದು ಅವರ ಎಳೆ ಬಿಸಿಲು. ನಮ್ಮ ಏಪ್ರಿಲ್ ಬಿಸಿಲಿಗೆ ಎಳೆಗಿಡ ಇಟ್ಟು ನೋಡಬೇಡಿ.

ದೂರದರ್ಶನದ ಕಾರ್ಯಕ್ರಮ ಬೇಜಾರು ಅನ್ನುವವರಿಗೆ ಒಂದು ಮಾತು. ದೆಹಲಿಯಲ್ಲಿ 1967ರ ಜನವರಿ 26ರಂದು ಶುರುವಾದ ಕೃಷಿ ದರ್ಶನದ ಕಾಲದಿಂದಲೂ ಅದು ರೈತರಿಗೆ ಅಂತ ಮಾಡಿದ್ದು, ಅಲ್ವಾ? ಸಂಗೀತ ಕಡಿಮೆ, ಅಳತೆ ಜಾಸ್ತಿ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದನ್ನೇ ತಗೊಳ್ಳಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಕಬ್ಬಿಣದ ಪಾತ್ರೆ ಬೇಡ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕಲಕಬೇಕು. ಆಮೇಲೆ ಚಾಕು ಅದ್ದಿ ತೆಗೆದು, ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಹಾಕಬೇಕು. ಈ ಚಾಕುವಿನ ಕೆಂಪು ಎಷ್ಟಿರುತ್ತದೆ ಅಂತ ಓದಿ ತಿಳಿಯುವುದು ಕಷ್ಟ, ಕಣ್ಣಲ್ಲಿ ನೋಡಿದರೆ ಅರೆಕ್ಷಣ ಸಾಕು. ಇಂಥದ್ದಕ್ಕೇ ಟೀವಿ ಬೇಕು.

ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಊರು, ತಿಂಗಳು, ಅಳತೆ ಇಷ್ಟು ಬರೆದುಕೊಂಡರೆ ಸಾಕು. ಹೂವು ಬಿಟ್ಟ ಗಿಡ ಮಾತ್ರ ತೋರಿಸಿ ಅಳತೆ ಹೇಳದೆ ಮುಗಿಸುವ ಕಾರ್ಯಕ್ರಮಗಳೂ ಬೇಕಾದಷ್ಟಿವೆ. ಅವನ್ನು ಖುಷಿಗೆ ನೋಡಿ, ಅದರಲ್ಲೇನೂ ತಪ್ಪಿಲ್ಲ, ಪಿಕಾಸಿ ಮಾತ್ರ ಹಿಡಿಯಬೇಡಿ. ಸಂಶಯ ಇದ್ದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ.

ಕಂಡದ್ದನ್ನು ಮೊದಲು ಒಂದೇ ಕುಂಡದಲ್ಲಿ ಮಾಡಿ, ಒಂದು ಮಳೆಗಾಲ ಕಳೆಯಲಿ. ನಾನು ಹಾಗೆ ಟೀವಿಯದ್ದೂ ಅಮ್ಮನದ್ದೂ ಸೇರಿಸಿ ಈಗ ಡೇರೆ ಮಾಡುವ ಕ್ರಮ ಹೇಳುತ್ತೇನೆ. ಗೆಡ್ಡೆ ಆರಿಸುವಾಗ ಹಳೇ ದಂಟಿನ ಬುಡ ಸೇರಿಕೊಂಡಿರುವುದನ್ನೇ ಆರಿಸಬೇಕು, ಕಣ್ಣು ಇರುವುದು ಅಲ್ಲೇ. ಬರೀ ಗೆಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯುವುದಿಲ್ಲ. ಕುಂಡದ ತಳಕ್ಕೆ ಹೆಂಚಿನ ಚೂರು, ಮೇಲೆ ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಸಮಪಾಲು. ನೆಲದಲ್ಲಾದರೆ ಒಂದು ಅಡಿ ಎತ್ತರದ ಏರಿ ಮಾಡಿ, ಸೂರಿನ ನೀರು ಬೀಳುವ ಸಾಲು ಬಿಟ್ಟು. ಕೋಲು ಮೊದಲು ಊರಿ, ಆಮೇಲೆ ಗೆಡ್ಡೆ ನಾಲ್ಕು ಇಂಚು ಆಳಕ್ಕೆ ಇಡಿ. ಆಮೇಲೆ ಕೋಲು ಚುಚ್ಚಲು ಹೋದರೆ ಗೆಡ್ಡೆಗೇ ಗಾಯ. ನಾಲ್ಕು ಜೋಡಿ ಎಲೆ ಬಂದ ಮೇಲೆ ತುದಿ ಚಿವುಟಿ, ಕವಲು ಒಡೆಯುತ್ತದೆ. ಗೌರಿ ಹಬ್ಬಕ್ಕೆ ಹೂ ಕೊಯ್ಯುವಾಗ ಒಂದು ಎಚ್ಚರ ಬೇಕು. ದಪ್ಪ ದಂಟು ಒಳಗೆ ಟೊಳ್ಳು, ಕೊಯ್ದ ಬಾಯಿಯಿಂದ ಮಳೆನೀರು ಇಳಿದು ಬುಡ ಕೊಳೆಯುತ್ತದೆ. ನಾನು ಆ ಬಾಯಿಗೆ ಒಂದು ಚಿಟಿಕೆ ಜೇಡಿಮಣ್ಣು ಮೆತ್ತುತ್ತೇನೆ.

ದೀಪಾವಳಿ ಕಳೆದು ದಂಟು ಒಣಗಿದ ಮೇಲೆ ಕಿತ್ತು, ನೆರಳಲ್ಲಿ ಆರಿಸಿ, ಒಣ ಮರಳಲ್ಲಿ ಹೂತು ಅಟ್ಟದ ಮೇಲೆ ಇಡಿ. ತಿಂಗಳಿಗೊಮ್ಮೆ ತೆಗೆದು ಮುಟ್ಟಿ ನೋಡಿ, ಮೆತ್ತಗಾದದ್ದನ್ನು ಆಚೆ ಹಾಕಿ. ಹೋದ ವರ್ಷ ನಾನು ಒಂಬತ್ತು ಗೆಡ್ಡೆ ಇಟ್ಟಿದ್ದೆ. ಒಂಬತ್ತೂ ಮೊಳೆತವು. ಅಮ್ಮನ ಆ ಕಡುಕೆಂಪು ಡೇರೆ ಯಾರ ಮನೆಯಲ್ಲಾದರೂ ಉಳಿದಿದ್ದರೆ, ಹಳದಿಯದ್ದೊಂದು ಗೆಡ್ಡೆ ಕೊಟ್ಟು ಬದಲಿಗೆ ಅದನ್ನು ತರಬೇಕು ಅಂತ ಹುಡುಕುತ್ತಾ ಇದ್ದೇನೆ.