ಪುಟ ರೀಲೋಡ್ ಆಗದೆ ಫಾರ್ಮ್ ಕಳಿಸುವುದು: ನನ್ನ ಅನುಭವ

ತರಬೇತಿಯೊಂದರ ನೋಂದಣಿ ಫಾರ್ಮ್ ಅದು. ಹೆಸರು, ಇಮೇಲ್, ಫೋನ್ ನಂಬರು, ಆಸಕ್ತಿಯ ವಿಷಯಗಳಿಗೆ ಒಂದಿಷ್ಟು ಚೆಕ್‌ಬಾಕ್ಸ್, ಕೊನೆಯಲ್ಲಿ ಪ್ರಮಾಣಪತ್ರದ ಪಿಡಿಎಫ್ ಅಪ್‌ಲೋಡ್. ಸಬ್‌ಮಿಟ್ ಒತ್ತಿದರೆ ಪುಟವೇ ಹೊಸದಾಗಿ ಬರುವ ಹಳೆಯ ಪದ್ಧತಿಯಲ್ಲಿ ನಡೆಯುತ್ತಿತ್ತು. ಅದನ್ನು ಬದಲಿಸಲೇಬೇಕು ಅನ್ನಿಸಿದ್ದು ಆ ಫೈಲ್ ಫೀಲ್ಡ್‌ನಿಂದಾಗಿ. ಫೋನ್ ನಂಬರಿನಲ್ಲಿ ಒಂದಂಕಿ ಕಮ್ಮಿಯಾದರೂ ಪುಟ ಮತ್ತೆ ಲೋಡ್ ಆಗುತ್ತದೆ. ಹೆಸರು, ಇಮೇಲ್ ಎಲ್ಲವನ್ನೂ ಸರ್ವರ್ ಮತ್ತೆ ತುಂಬಿಸಿ ಕೊಡಬಲ್ಲದು, ಆರಿಸಿದ್ದ ಫೈಲನ್ನು ಮಾತ್ರ ಕೊಡಲಾರದು. ಫೈಲ್ ಫೀಲ್ಡ್ ಮೊದಲೇ ತುಂಬಿ ಬರುವುದಕ್ಕೆ ಬ್ರೌಸರ್ ಬಿಡುವುದಿಲ್ಲ. ಬಿಟ್ಟರೆ ಯಾವ ಸೈಟ್ ಬೇಕಾದರೂ ನಮ್ಮ ಕಂಪ್ಯೂಟರಿನ ಕಡತಗಳನ್ನು ಎಳೆದುಕೊಳ್ಳಬಹುದಲ್ಲ. ಹೀಗಾಗಿ ಜನ ಅದೇ ಪಿಡಿಎಫ್ ಅನ್ನು ಮತ್ತೆ ಮತ್ತೆ ಹುಡುಕಿ ಆರಿಸಬೇಕಾಗುತ್ತಿತ್ತು. ಕೆಲವರು ಅದನ್ನು ಗಮನಿಸದೆ ಇನ್ನೊಮ್ಮೆ ಸಬ್‌ಮಿಟ್ ಒತ್ತಿ, 'ಫೈಲ್ ಇಲ್ಲ' ಎಂಬ ಮತ್ತೊಂದು ದೋಷ ಕಂಡು ಅಲ್ಲಿಗೇ ಕೈಬಿಡುತ್ತಿದ್ದರು.

ಪುಟ ರೀಲೋಡ್ ಆಗದಿದ್ದರೆ ಈ ತೊಂದರೆ ತಾನಾಗಿಯೇ ಇಲ್ಲವಾಗುತ್ತದೆ. ಆದರೆ ಸಬ್‌ಮಿಟ್ ಇವೆಂಟ್‌ನ (ಫಾರ್ಮ್ ಕಳಿಸುವಾಗ ಬ್ರೌಸರ್ ಕೊಡುವ ಸೂಚನೆ) ಮೇಲೆ ಪ್ರಿವೆಂಟ್‌ಡಿಫಾಲ್ಟ್, ಅಂದರೆ ಬ್ರೌಸರ್ ತಾನಾಗಿ ಮಾಡುವುದನ್ನು ತಡೆಯುವ ಆದೇಶ, ಕರೆದ ಕ್ಷಣದಿಂದ, ಬ್ರೌಸರ್ ಸದ್ದಿಲ್ಲದೆ ಮಾಡಿಕೊಡುತ್ತಿದ್ದ ಕೆಲಸಗಳೆಲ್ಲ ನಮ್ಮ ಹೆಗಲಿಗೆ ಬರುತ್ತವೆ. ಲೋಡ್ ಆಗುತ್ತಿದೆ ಎಂದು ತೋರಿಸುವುದು, ಬೇಡವೆನಿಸಿದರೆ ನಿಲ್ಲಿಸಲು ಅವಕಾಶ ಕೊಡುವುದು, ಸಂಪರ್ಕ ಕಡಿದರೆ ಹೇಳುವುದು, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಪುಟ ಬದಲಾಯಿತೆಂದು ತಿಳಿಸುವುದು: ಇದೆಲ್ಲ ಹಿಂದೆ ಪುಕ್ಕಟೆಯಾಗಿ ಸಿಗುತ್ತಿತ್ತು. ನಾನು ಹೆಚ್ಚು ಸಮಯ ಕೊಟ್ಟದ್ದು ಈ ಕೆಲಸಗಳಿಗೇ. ಡೇಟಾ ಕಳಿಸುವ ಕೋಡ್ ಹತ್ತು ಸಾಲು ದಾಟಲಿಲ್ಲ.

ಮೊದಲನೆಯದಾಗಿ, ಎಚ್‌ಟಿಎಂಎಲ್ ಫಾರ್ಮನ್ನು ಇದ್ದಂತೆಯೇ ಉಳಿಸಿಕೊಂಡೆ. ಆಕ್ಷನ್ (ಎಲ್ಲಿಗೆ ಕಳಿಸಬೇಕೆಂಬ ವಿಳಾಸ), ಮೆಥಡ್ (ಕಳಿಸುವ ವಿಧಾನ), ಪ್ರತಿ ಫೀಲ್ಡ್‌ನ ನೇಮ್ ಎಲ್ಲ ಹಾಗೇ ಇವೆ. ಸ್ಕ್ರಿಪ್ಟ್ ಲೋಡ್ ಆಗದಿದ್ದರೆ, ಅಥವಾ ಬೇರೆಲ್ಲೋ ಒಂದು ದೋಷದಿಂದ ನಿಂತುಹೋದರೆ, ಫಾರ್ಮ್ ಹಳೆಯ ದಾರಿಯಲ್ಲೇ ಹೋಗಿ ಮುಟ್ಟುತ್ತದೆ. ಆಕ್ಷನ್ ಇಲ್ಲದ ಫಾರ್ಮ್, ಅದರೊಳಗೊಂದು ಬರೀ ಕ್ಲಿಕ್‌ಗೆ ಕಟ್ಟಿದ ಬಟನ್ ಇರುವ ಕೋಡ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಂಥದ್ದನ್ನು ನಾನು ಒಪ್ಪುವುದಿಲ್ಲ.

ಇವೆಂಟ್ ಕೇಳಬೇಕಾದದ್ದು ಫಾರ್ಮ್‌ನ ಸಬ್‌ಮಿಟ್ ಅನ್ನು, ಬಟನ್‌ನ ಕ್ಲಿಕ್ ಅನ್ನಲ್ಲ. ಹೆಸರಿನ ಫೀಲ್ಡ್‌ನಲ್ಲಿ ನಿಂತು ಎಂಟರ್ ಒತ್ತಿದರೂ ಸಬ್‌ಮಿಟ್ ಇವೆಂಟ್ ಬರುತ್ತದೆ. ಅದೂ ಅಲ್ಲದೆ, ರಿಕ್ವೈರ್ಡ್, ಇಮೇಲ್ ಟೈಪ್, ಪ್ಯಾಟರ್ನ್ ಮುಂತಾದ ಬ್ರೌಸರ್‌ನ ಪರೀಕ್ಷೆಗಳು ಪಾಸಾದ ಮೇಲೆಯೇ ಅದು ಬರುವುದು. ಹಾಗಾಗಿ ಖಾಲಿ ಫೀಲ್ಡ್‌ಗಳ ಪರೀಕ್ಷೆಯನ್ನು ನಾವು ಮತ್ತೆ ಬರೆಯಬೇಕಿಲ್ಲ. ಸ್ಕ್ರಿಪ್ಟ್‌ನಿಂದಲೇ ಫಾರ್ಮ್ ಕಳಿಸಬೇಕಾದಲ್ಲಿ ಹಳೆಯ ಸಬ್‌ಮಿಟ್ ಮೆಥಡ್ ಬಳಸಬೇಡಿ. ಅದು ಪರೀಕ್ಷೆಯನ್ನೂ ನಡೆಸುವುದಿಲ್ಲ, ಇವೆಂಟನ್ನೂ ಎಬ್ಬಿಸುವುದಿಲ್ಲ. ರಿಕ್ವೆಸ್ಟ್‌ಸಬ್‌ಮಿಟ್ ಎರಡನ್ನೂ ಮಾಡುತ್ತದೆ.

ಪ್ರಿವೆಂಟ್‌ಡಿಫಾಲ್ಟ್ ಹ್ಯಾಂಡ್ಲರ್‌ನ (ಇವೆಂಟ್ ಬಂದಾಗ ಓಡುವ ಕೋಡ್) ಮೊದಲ ಸಾಲಿನಲ್ಲೇ ಇರಬೇಕು. ಅದಕ್ಕೂ ಮೊದಲು ಒಂದು ಅವೇಟ್ (ಉತ್ತರಕ್ಕಾಗಿ ಕಾಯುವ ಸಾಲು) ಬಂದುಬಿಟ್ಟರೆ ಬ್ರೌಸರ್ ಕಾಯುವುದಿಲ್ಲ, ಪುಟ ಹೊರಟಾಗಿರುತ್ತದೆ. ಅಸಿಂಕ್ ಹ್ಯಾಂಡ್ಲರ್ ಬರೆಯುವಾಗ ಇದು ಕಣ್ಣಿಗೆ ಬೀಳದೆ ನುಸುಳುವ ಸಂಗತಿ.

ಇನ್ನೊಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ತೋರಿಸುತ್ತೇನೆ. ಎಲ್ಲಿಗೆ ಕಳಿಸಬೇಕೆಂಬ ವಿಳಾಸವನ್ನು ಫಾರ್ಮ್‌ನಿಂದಲೇ ಓದಿಕೊಳ್ಳುವುದು ಒಳ್ಳೆಯ ರೂಢಿ. ಹಾಗೆ ಮಾಡಿದರೆ ವಿಳಾಸ ಎರಡು ಕಡೆ ಇರುವುದಿಲ್ಲ. 'ಫಾರ್ಮ್ ಡಾಟ್ ಆಕ್ಷನ್' ಎಂದು ಕೇಳಿದರೆ ವಿಳಾಸ ಸಿಗುತ್ತದೆ. ಆದರೆ ನನ್ನ ಕೈಗೆ ಬಂದ ಫಾರ್ಮ್‌ನಲ್ಲಿ 'ಆಕ್ಷನ್' ಎಂಬ ಹೆಸರಿನದೇ ಒಂದು ಹಿಡನ್ ಫೀಲ್ಡ್ (ಪರದೆಯಲ್ಲಿ ಕಾಣದ ಫೀಲ್ಡ್) ಇತ್ತು. ಫಾರ್ಮ್‌ನೊಳಗಿನ ಫೀಲ್ಡ್‌ಗಳು ತಮ್ಮ ಹೆಸರಿನಲ್ಲೇ ಫಾರ್ಮ್ ಆಬ್ಜೆಕ್ಟಿನ ಪ್ರಾಪರ್ಟಿಗಳಾಗಿಯೂ ಸಿಗುತ್ತವೆ, ಮೂಲ ಪ್ರಾಪರ್ಟಿಯನ್ನು ಮುಚ್ಚಿಹಾಕುತ್ತವೆ. ಹೀಗಾಗಿ ವಿಳಾಸದ ಬದಲು ಆ ಇನ್‌ಪುಟ್ ಎಲಿಮೆಂಟೇ ಕೈಗೆ ಬರುತ್ತದೆ, ಡೇಟಾ ಕಳಿಸಲು ಬಳಸುವ ಫೆಚ್ ಅದನ್ನು ಅಕ್ಷರವಾಗಿಸಿಕೊಂಡು ಎಲ್ಲೂ ಇಲ್ಲದ ವಿಳಾಸಕ್ಕೆ ಹೋಗುತ್ತದೆ. ಗೆಟ್‌ಆಟ್ರಿಬ್ಯೂಟ್ ಬಳಸಿ ಓದಿದರೆ ಈ ಗೊಂದಲವಿಲ್ಲ. ಬಟನ್‌ಗೆ 'ಸಬ್‌ಮಿಟ್' ಎಂದು ಹೆಸರಿಟ್ಟಾಗ ಸಬ್‌ಮಿಟ್ ಮೆಥಡ್ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ.

ಡೇಟಾ ಒಟ್ಟುಗೂಡಿಸಲು ಫಾರ್ಮ್‌ಡೇಟಾ ಸಾಕು. ಫಾರ್ಮನ್ನು ಅದಕ್ಕೆ ಕೊಟ್ಟರೆ ಎಲ್ಲ ಫೀಲ್ಡ್‌ಗಳನ್ನೂ, ಫೈಲ್‌ಗಳನ್ನೂ ಸೇರಿಸಿ, ತಾನೇ ಆಯ್ದುಕೊಳ್ಳುತ್ತದೆ. ಅದು ನೋಡುವುದು ನೇಮ್ ಅನ್ನು. ಐಡಿ ಮಾತ್ರ ಇರುವ ಫೀಲ್ಡ್ ಹೋಗುವುದಿಲ್ಲ. ಟಿಕ್ ಹಾಕದ ಚೆಕ್‌ಬಾಕ್ಸ್ ಹೋಗುವುದಿಲ್ಲ. ಡಿಸೇಬಲ್ ಆದದ್ದೂ ಹೋಗುವುದಿಲ್ಲ. ಕಳಿಸುವಾಗ ಯಾರೂ ತಿದ್ದದಿರಲೆಂದು ಇಡೀ ಫೀಲ್ಡ್‌ಸೆಟ್ ಅನ್ನು ಡಿಸೇಬಲ್ ಮಾಡುವ ರೂಢಿಯಿದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಫಾರ್ಮ್‌ಡೇಟಾ ತಯಾರಿಸಿದ ಮೇಲೆ ಡಿಸೇಬಲ್ ಮಾಡಬೇಕು, ಇಲ್ಲದಿದ್ದರೆ ಸರ್ವರ್‌ಗೆ ಖಾಲಿ ಫಾರ್ಮ್ ಮುಟ್ಟುತ್ತದೆ. 'ಕರಡು ಉಳಿಸಿ', 'ಸಲ್ಲಿಸಿ' ಎಂದು ಎರಡು ಬಟನ್‌ಗಳಿದ್ದರೆ ಯಾವುದನ್ನು ಒತ್ತಿದರೆಂಬುದು ಇವೆಂಟ್‌ನ ಸಬ್‌ಮಿಟರ್‌ನಲ್ಲಿ ಸಿಗುತ್ತದೆ. ಅದನ್ನು ನಾವೇ ಸೇರಿಸಬೇಕು.

ಈ ಫಾರ್ಮ್‌ಡೇಟಾವನ್ನು ಬಾಡಿಯಾಗಿ ಕೊಡುವಾಗ ಡೇಟಾ ಯಾವ ರೂಪದ್ದೆಂದು ಹೇಳುವ ಕಂಟೆಂಟ್-ಟೈಪ್ ಹೆಡರನ್ನು ಕೈಯಾರೆ ಬರೆಯಬೇಡಿ. ಅದು ಹೋಗುವ ಮಲ್ಟಿಪಾರ್ಟ್ ರೂಪದಲ್ಲಿ ಒಂದು ಫೀಲ್ಡ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಎಂದು ಗುರುತಿಸುವ ಬೌಂಡರಿ ಎಂಬ ಗೆರೆಯಿದೆ. ಅದನ್ನು ಬ್ರೌಸರ್ ಹೆಡರ್‌ನಲ್ಲಿ ತಾನೇ ಸೇರಿಸುತ್ತದೆ. ನಾವು ಹೆಡರ್ ಬರೆದರೆ ಬೌಂಡರಿ ಬಿಟ್ಟುಹೋಗಿ ಸರ್ವರ್‌ಗೆ ಏನೂ ಓದಲು ಬರುವುದಿಲ್ಲ. ಎಲ್ಲವನ್ನೂ ಜೇಸನ್ ಎಂಬ ಪಠ್ಯರೂಪಕ್ಕೆ ತಿರುಗಿಸಿ ಕಳಿಸೋಣವೆಂದು ನಮ್ಮ ತಂಡದಲ್ಲಿ ಸಲಹೆ ಬಂತು. ಬೇಡವೆಂದೆ. ಆಬ್ಜೆಕ್ಟ್ ಡಾಟ್ ಫ್ರಮ್‌ಎಂಟ್ರೀಸ್ ಹಾಕಿದರೆ ಒಂದೇ ಹೆಸರಿನ ಚೆಕ್‌ಬಾಕ್ಸ್‌ಗಳಲ್ಲಿ ಕೊನೆಯದೊಂದೇ ಉಳಿಯುತ್ತದೆ, ಜೇಸನ್‌ಗೆ ತಿರುಗಿಸಿದ ಫೈಲ್ ಬರೀ ಖಾಲಿ ಆಬ್ಜೆಕ್ಟ್ ಆಗುತ್ತದೆ. ಇನ್ನು ಸ್ಕ್ರಿಪ್ಟ್ ಇಲ್ಲದೆ ಬರುವ ಫಾರ್ಮ್‌ಗೂ ಸ್ಕ್ರಿಪ್ಟ್‌ನಿಂದ ಬರುವ ಫಾರ್ಮ್‌ಗೂ ಸರ್ವರ್‌ನಲ್ಲಿ ಒಂದೇ ಕೋಡ್ ಸಾಕಾಗುತ್ತದೆ ಎಂಬ ಲಾಭವನ್ನು ಯಾಕೆ ಬಿಡಬೇಕು?

1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್‌ನಿಂದಲೇ ಈ ಕೆಲಸ ಸಾಧ್ಯವಿತ್ತು; 2005ರಲ್ಲಿ ಏಜಾಕ್ಸ್ ಎಂಬ ಹೆಸರು ಬಂದ ಮೇಲೆ ಎಲ್ಲ ಕಡೆ ಹಬ್ಬಿತು. 2015ರಿಂದ ಬ್ರೌಸರ್‌ಗಳಿಗೆ ಬಂದ ಫೆಚ್ ಅದನ್ನು ಓದಲು ಸುಲಭ ಮಾಡಿತು. ಆದರೆ ಫೆಚ್‌ನದೊಂದು ಗುಣ ಗೊತ್ತಿರಬೇಕು. ಸರ್ವರ್‌ನಿಂದ 404 (ಸಿಗಲಿಲ್ಲ) ಬಂದರೂ 500 (ಸರ್ವರ್ ದೋಷ) ಬಂದರೂ ಅದರ ದೃಷ್ಟಿಯಲ್ಲಿ ಉತ್ತರ ಬಂದಂತೆಯೇ ಲೆಕ್ಕ, ಕ್ಯಾಚ್‌ಗೆ (ದೋಷ ಹಿಡಿಯುವ ಕೋಡ್) ಹೋಗುವುದಿಲ್ಲ. ಕ್ಯಾಚ್‌ಗೆ ಬರುವುದು ಉತ್ತರವೇ ಸಿಗದಾಗ: ನೆಟ್‌ವರ್ಕ್ ಇಲ್ಲದಾಗ, ಬೇರೆ ಸೈಟಿಗೆ ಹೋಗುವ ಕೋರಿಕೆಗಳ ನಿಯಮವಾದ ಸಿಓಆರ್‌ಎಸ್ ತಡೆದಾಗ, ನಾವೇ ನಿಲ್ಲಿಸಿದಾಗ. ಆದ್ದರಿಂದ ರೆಸ್ಪಾನ್ಸ್‌ನ ಓಕೆ ನೋಡಲೇಬೇಕು. ಸ್ಟೇಟಸ್ 200ರಿಂದ 299ರೊಳಗಿದ್ದರೆ ಮಾತ್ರ ಅದು ನಿಜ. ಫೀಲ್ಡ್‌ಗಳಲ್ಲಿ ದೋಷವಿದ್ದರೆ ಸರ್ವರ್ 422 ಕೊಡಬೇಕೆಂದು ನಿಗದಿ ಮಾಡಿಕೊಂಡೆವು. ಹಾಗೆ ಮಾಡಿದ್ದರಿಂದ 'ನೀವು ತುಂಬಿದ್ದರಲ್ಲಿ ತಿದ್ದಬೇಕಾದ್ದಿದೆ' ಮತ್ತು 'ನಮ್ಮ ಕಡೆ ಏನೋ ಕೆಟ್ಟಿದೆ' ಎಂಬ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹೇಳಲು ಬಂತು. ಫಾರ್ಮ್ ತುಂಬುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಎಲ್ಲಕ್ಕೂ 'ಏನೋ ತಪ್ಪಾಗಿದೆ' ಎಂದರೆ ಅವರು ತಮ್ಮ ತಪ್ಪೇ ಇರಬೇಕೆಂದು ಸರಿಯಿದ್ದದ್ದನ್ನೂ ತಿದ್ದಲು ಕೂರುತ್ತಾರೆ.

ಓಕೆ ನಿಜವಾದರೂ ಕೆಲಸ ಆಗದಿರುವ ಒಂದು ಸಂದರ್ಭವಿದೆ, ಹಿಡಿಯಲು ಕಷ್ಟವಾದದ್ದೂ ಅದೇ. ಯಾರೋ ಲಾಗಿನ್ ಆಗಿ ಫಾರ್ಮ್ ತೆರೆದು, ಅರ್ಧ ತುಂಬಿ ಎದ್ದುಹೋಗುತ್ತಾರೆ. ಬರುವಷ್ಟರಲ್ಲಿ ಸೆಷನ್ ಮುಗಿದಿರುತ್ತದೆ. ಸಬ್‌ಮಿಟ್ ಒತ್ತಿದರೆ ಸರ್ವರ್ ಎಂದಿನಂತೆ ಲಾಗಿನ್ ಪುಟಕ್ಕೆ ರೀಡೈರೆಕ್ಟ್ ಮಾಡುತ್ತದೆ. ಫೆಚ್ ಯಾರಿಗೂ ಹೇಳದೆ ಆ ದಾರಿ ಹಿಡಿದು ಹೋಗಿ ಲಾಗಿನ್ ಪುಟವನ್ನು ತರುತ್ತದೆ, ಸ್ಟೇಟಸ್ 200. ಜೇಸನ್ ಎಂದು ಓದಲು ಹೋದರೆ ಮೊದಲ ಅಕ್ಷರವೇ ಎಚ್‌ಟಿಎಂಎಲ್‌ನ ಕೋನಚಿಹ್ನೆ, ಸಿಂಟ್ಯಾಕ್ಸ್ ಎರರ್. ಉತ್ತರವನ್ನು ಓದದೆ ಬರೀ ಓಕೆ ನಂಬುವ ಕೋಡ್ ಆಗಿದ್ದರೆ 'ಧನ್ಯವಾದ, ನೋಂದಣಿ ಆಯಿತು' ಎಂದೇ ತೋರಿಸಿಬಿಡುತ್ತಿತ್ತು! ನಾನು ಮಾಡಿದ್ದಿಷ್ಟು: ರಿಕ್ವೆಸ್ಟ್‌ನಲ್ಲಿ ಜೇಸನ್ ಬೇಕೆಂದು ಆಕ್ಸೆಪ್ಟ್ ಹೆಡರ್ ಕಳಿಸುತ್ತೇನೆ, ಅದನ್ನು ಕಂಡರೆ ಸರ್ವರ್ ರೀಡೈರೆಕ್ಟ್ ಮಾಡದೆ 401 (ಲಾಗಿನ್ ಬೇಕು) ಕೊಡುತ್ತದೆ. ಉತ್ತರದ ಕಂಟೆಂಟ್-ಟೈಪ್ ನೋಡಿಯೇ ಜೇಸನ್ ಓದುತ್ತೇನೆ. 401 ಬಂದರೆ ಫಾರ್ಮನ್ನು ಮುಟ್ಟದೆ, 'ಹೊಸ ಟ್ಯಾಬಿನಲ್ಲಿ ಲಾಗಿನ್ ಆಗಿ ಬಂದು ಮತ್ತೆ ಕಳಿಸಿ' ಎಂಬ ಲಿಂಕ್ ತೋರಿಸುತ್ತೇನೆ. ಹೊಸ ಸೆಷನ್‌ಗೆ ಹಳೆಯ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮ ಸೈಟಿನಿಂದಲೇ ಬಂದದ್ದೆಂದು ತೋರಿಸುವ ಗುಟ್ಟಿನ ಗುರುತು) ಹೊಂದುವುದಿಲ್ಲವಾದ್ದರಿಂದ ಮತ್ತೆ ಕಳಿಸುವ ಮೊದಲು ಅದನ್ನೂ ಹೊಸದಾಗಿ ತರಿಸಿ ಹಿಡನ್ ಫೀಲ್ಡ್‌ನಲ್ಲಿ ತುಂಬಬೇಕಾಯಿತು. ಆರಿಸಿದ ಪಿಡಿಎಫ್ ಇದ್ದಲ್ಲೇ ಇರುತ್ತದೆ. ಈ ಇಡೀ ಕೆಲಸ ಶುರುವಾದದ್ದೇ ಅದಕ್ಕಾಗಿ ತಾನೇ.

ಎರಡು ಸಲ ಸಬ್‌ಮಿಟ್ ಆಗುವುದನ್ನು ತಡೆಯಲು ಎಲ್ಲರೂ ಬಟನ್ ಡಿಸೇಬಲ್ ಮಾಡುತ್ತಾರೆ. ಕೀಬೋರ್ಡ್‌ನಲ್ಲೇ ಓಡಾಡುವವರಿಗೆ ಇದರಿಂದ ತೊಂದರೆ: ಫೋಕಸ್ ಇದ್ದ ಬಟನ್ ಡಿಸೇಬಲ್ ಆದರೆ ತಾವು ಎಲ್ಲಿದ್ದೇವೆಂಬುದೇ ತಪ್ಪಿಹೋಗಬಹುದು. ನಾನು ಬಟನ್‌ಗೆ ಏರಿಯಾ-ಡಿಸೇಬಲ್ಡ್ (ಡಿಸೇಬಲ್ ಆಗಿದೆಯೆಂದು ಸ್ಕ್ರೀನ್ ರೀಡರ್‌ಗೆ ಹೇಳುವ ಗುರುತು) ಮಾತ್ರ ಹಾಕಿ, ಅದರ ಬರಹವನ್ನು 'ಕಳಿಸಲಾಗುತ್ತಿದೆ' ಎಂದು ಬದಲಿಸಿ, ಹ್ಯಾಂಡ್ಲರ್‌ನಲ್ಲಿ ಒಂದು ಫ್ಲ್ಯಾಗ್ ನೋಡಿ ಎರಡನೆಯ ಸಲ ಬಂದದ್ದನ್ನು ಬಿಟ್ಟುಬಿಡುತ್ತೇನೆ. ಫ್ಲ್ಯಾಗ್ ಇಳಿಸುವುದು ಫೈನಲಿಯಲ್ಲಿ (ಕೆಲಸ ಆದರೂ ಆಗದಿದ್ದರೂ ಕೊನೆಗೆ ಓಡುವ ಭಾಗ), ಏನೇ ಆದರೂ ಬಟನ್ ಮತ್ತೆ ಜೀವಂತವಾಗಬೇಕು.

ಆದರೆ ಬ್ರೌಸರ್‌ನಲ್ಲಿ ಏನೇ ಮಾಡಿದರೂ ಪೂರ್ತಿ ತಡೆಯಲು ಆಗುವುದಿಲ್ಲ. ಪತ್ರ ಮುಟ್ಟಿ, ಮುಟ್ಟಿದ ರಸೀದಿ ದಾರಿಯಲ್ಲಿ ಕಳೆದುಹೋದ ಹಾಗೆ, ನೋಂದಣಿ ಸೇವ್ ಆಗಿ ಉತ್ತರ ಮಾತ್ರ ಬಾರದಿರಬಹುದು. ಫೆಚ್‌ಗೆ ತನ್ನದೇ ಆದ ಸಮಯದ ಮಿತಿಯೂ ಇಲ್ಲ. ಅಬಾರ್ಟ್‌ಸಿಗ್ನಲ್‌ನ ಟೈಮ್‌ಔಟ್ ಕೊಟ್ಟು ನಾವೇ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದಾಗ ಸರ್ವರ್‌ನಲ್ಲಿ ಸೇವ್ ಆಯಿತೋ ಇಲ್ಲವೋ ಬ್ರೌಸರ್‌ಗೆ ಗೊತ್ತಿರುವುದಿಲ್ಲ. 'ಕಳಿಸಲಾಗಲಿಲ್ಲ' ಎಂದರೆ ಸುಳ್ಳಾಗಬಹುದು, ಮತ್ತೆ ಒತ್ತಿದರೆ ಎರಡು ನೋಂದಣಿ. ಇದಕ್ಕೆ ಪರಿಹಾರ ಸರ್ವರ್‌ನಲ್ಲಿದೆ. ಫಾರ್ಮ್ ತೆರೆದಾಗಲೇ ಸರ್ವರ್ ಒಂದು ಯುಯುಐಡಿಯನ್ನು (ಬೇರೆಲ್ಲೂ ಬಾರದ ಗುರುತಿನ ಸಂಖ್ಯೆ) ಹಿಡನ್ ಫೀಲ್ಡ್‌ನಲ್ಲಿ ಬರೆದು ಕೊಡುತ್ತದೆ, ಡೇಟಾಬೇಸ್‌ನಲ್ಲಿ ಆ ಕಾಲಮ್‌ಗೆ ಯುನಿಕ್ ಇಂಡೆಕ್ಸ್, ಅಂದರೆ ಒಂದೇ ಸಂಖ್ಯೆ ಎರಡು ಸಲ ಸೇರದಂತೆ ತಡೆ. ಅದೇ ಯುಯುಐಡಿ ಎರಡನೆಯ ಸಲ ಬಂದರೆ ಹೊಸದಾಗಿ ಸೇರಿಸದೆ ಮೊದಲಿನ ಫಲಿತಾಂಶವನ್ನೇ ಹಿಂದಿರುಗಿಸುತ್ತದೆ. 422 ಕೊಟ್ಟಾಗ ಏನೂ ಸೇವ್ ಆಗಿರುವುದಿಲ್ಲವಾದ್ದರಿಂದ ತಿದ್ದಿ ಕಳಿಸಲು ಅಡ್ಡಿಯಿಲ್ಲ. ಈಗ ಧೈರ್ಯವಾಗಿ 'ಉತ್ತರ ಬರಲಿಲ್ಲ, ಮತ್ತೊಮ್ಮೆ ಒತ್ತಿ, ಎರಡು ಸಲ ನೋಂದಣಿ ಆಗುವುದಿಲ್ಲ' ಎಂದು ಬರೆಯಬಹುದು. ಈ ವಾಕ್ಯವನ್ನು ಪರದೆಯ ಮೇಲೆ ಹಾಕಲು ಸಾಧ್ಯವಾದದ್ದು ನನಗೆ ಈ ಕೆಲಸದಲ್ಲಿ ಅತ್ಯಂತ ಸಮಾಧಾನ ಕೊಟ್ಟ ಸಂಗತಿ.

ಫೈಲ್ ದೊಡ್ಡದಿದ್ದು ಎಷ್ಟು ಭಾಗ ಹೋಯಿತೆಂದು ತೋರಿಸಬೇಕಾದರೆ ಹಳೆಯ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟೇ ಸರಿ. ಅದರ ಅಪ್‌ಲೋಡ್ ಪ್ರೋಗ್ರೆಸ್ ಇವೆಂಟ್‌ನಂಥದ್ದು ಫೆಚ್‌ನಲ್ಲಿಲ್ಲ. ನಮ್ಮ ಪಿಡಿಎಫ್‌ಗಳು ಚಿಕ್ಕವು, ಬೇಕಾಗಲಿಲ್ಲ.

ದೋಷಗಳನ್ನು ತೋರಿಸುವ ಭಾಗಕ್ಕೆ ಬಂದರೆ, 422ರ ಉತ್ತರದಲ್ಲಿ ಫೀಲ್ಡ್‌ನ ಹೆಸರು ಮತ್ತು ಅದರ ಸಂದೇಶ ಬರುತ್ತವೆ. ಪ್ರತಿ ಫೀಲ್ಡ್‌ನ ಕೆಳಗೆ ಮೊದಲೇ ಇರುವ ಖಾಲಿ ಜಾಗದಲ್ಲಿ ಆ ಸಂದೇಶವನ್ನು ಟೆಕ್ಸ್ಟ್‌ಕಂಟೆಂಟ್‌ನಿಂದ ಬರೆಯುತ್ತೇನೆ. ಇನ್ನರ್‌ಎಚ್‌ಟಿಎಂಎಲ್ ಇಲ್ಲಿ ಸಲ್ಲದು: ಬಳಕೆದಾರರು ತುಂಬಿದ್ದೇ ಸಂದೇಶದೊಳಗೆ ಸೇರಿ ಬಂದರೆ ಅದರಲ್ಲಿನ ಸ್ಕ್ರಿಪ್ಟ್ ಓಡುವ ಅಪಾಯವಿದೆ. ಫೀಲ್ಡ್‌ಗೆ ಏರಿಯಾ-ಇನ್‌ವ್ಯಾಲಿಡ್ ಹಾಕಿ, ಏರಿಯಾ-ಡಿಸ್ಕ್ರೈಬ್ಡ್‌ಬೈನಿಂದ ಸಂದೇಶಕ್ಕೆ ಜೋಡಿಸಿ, ಮೊದಲ ದೋಷವಿರುವ ಫೀಲ್ಡ್‌ಗೆ ಫೋಕಸ್ ಕೊಡುತ್ತೇನೆ. ಒಟ್ಟಾರೆ ಸ್ಥಿತಿಯನ್ನು ಹೇಳಲು ಸ್ಟೇಟಸ್ ರೋಲ್‌ನ ಒಂದು ಡಿವ್ ಇದೆ. ಅದು ಪುಟ ಲೋಡ್ ಆದಾಗಿನಿಂದ ಖಾಲಿಯಾಗಿ ಇರಬೇಕು; ಸಂದೇಶದ ಜೊತೆಗೇ ಡಿವ್ ಅನ್ನೂ ಹೊಸದಾಗಿ ತುರುಕಿದರೆ ಹಲವು ಸಲ ಸ್ಕ್ರೀನ್ ರೀಡರ್ ಅದನ್ನು ಓದುವುದಿಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು, ಪರದೆ ನೋಡದೆ ನಾನೇ ಫಾರ್ಮ್ ತುಂಬಿ ಕೇಳಿದೆ. ಕಿವಿಗೆ ಬಿದ್ದ ಮೇಲೆ 'ಅಮಾನ್ಯ ಮೌಲ್ಯ' ಎಂಬಂಥ ಸಂದೇಶಗಳನ್ನೆಲ್ಲ ಕಿತ್ತುಹಾಕಿ 'ಫೋನ್ ನಂಬರಿನಲ್ಲಿ 10 ಅಂಕಿ ಇರಬೇಕು' ಎಂದು ನೇರವಾಗಿ ಬರೆಸಿದೆ.

ಪರೀಕ್ಷೆಗೆ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ವೇಗ ತಗ್ಗಿಸಿ, ಆಫ್‌ಲೈನ್ ಮಾಡಿ, ಎಂಟರ್ ಕೀಲಿಯನ್ನು ಪಟಪಟನೆ ಒತ್ತಿ, ಜಾವಾಸ್ಕ್ರಿಪ್ಟ್ ಆಫ್ ಮಾಡಿ ನೋಡಿದೆ. ಜಾವಾಸ್ಕ್ರಿಪ್ಟ್ ಇಲ್ಲದಾಗ ಸರ್ವರ್ 303 ಕೊಟ್ಟು ಧನ್ಯವಾದದ ಪುಟಕ್ಕೆ ಕಳಿಸುತ್ತದೆ, ಆದ್ದರಿಂದ ಅಲ್ಲಿ ರಿಫ್ರೆಶ್ ಒತ್ತಿದರೂ ಮತ್ತೆ ಸಬ್‌ಮಿಟ್ ಆಗುವುದಿಲ್ಲ.

ಇದಾದ ಮೇಲೆ ಅದೇ ಸೈಟಿನ ಹುಡುಕಾಟದ ಫಾರ್ಮನ್ನೂ ಲಾಗಿನ್ ಫಾರ್ಮನ್ನೂ ಹೀಗೇ ಮಾಡಿಕೊಡಿ ಎಂದು ಕೇಳಿದರು. ಎರಡನ್ನೂ ಇದ್ದಂತೆಯೇ ಬಿಟ್ಟಿದ್ದೇನೆ. ಹುಡುಕಾಟದ ಫಲಿತಾಂಶಕ್ಕೆ ತನ್ನದೇ ವಿಳಾಸ ಬೇಕು, ಅದನ್ನು ಬೇರೆಯವರಿಗೆ ಕಳಿಸಲು ಬರಬೇಕು, ಬ್ಯಾಕ್ ಬಟನ್ ನಡೆಯಬೇಕು. ತುಂಬಿದ್ದನ್ನು ವಿಳಾಸದಲ್ಲೇ ಕಳಿಸುವ ಸಾದಾ ಗೆಟ್ ಫಾರ್ಮ್ ಇದನ್ನೆಲ್ಲ ಈಗಾಗಲೇ ಮಾಡುತ್ತಿದೆ. ಲಾಗಿನ್ ಆದ ಮೇಲಂತೂ ಹೇಗಿದ್ದರೂ ಇಡೀ ಪುಟ ಹೊಸದಾಗಿ ಬರಲೇಬೇಕು.