ಬ್ಯಾನ್ ಅಂತ ಯಾರೂ ಹೇಳಲಿಲ್ಲ

ಮುಷ್ಕರದ ಸಿನಿಮಾ ತೋರಿಸಲು ಹೊರಟರೆ ಸೆನ್ಸಾರ್ ಕತ್ತರಿಗೆ ಹೆದರಬೇಕು ಅಂದುಕೊಂಡಿದ್ದೆ. ನನಗೆ ಬಂದದ್ದು ಒಂದು ಫೋನ್. "ಸರ್, ಪ್ರೊಜೆಕ್ಟರ್ ಕೆಟ್ಟಿದೆ, ನಾಳೆ ಹಾಲ್ ಕೊಡೋಕಾಗಲ್ಲ." ಹಿಂದಿನ ಸಂಜೆಯಷ್ಟೇ ಅದೇ ಪ್ರೊಜೆಕ್ಟರ್‌ನಲ್ಲಿ ಟ್ರಯಲ್ ನೋಡಿ ಬಂದಿದ್ದೆ!

ನಾವು ತೋರಿಸಬೇಕಿದ್ದದ್ದು 1954ರ ‘ಸಾಲ್ಟ್ ಆಫ್ ದಿ ಅರ್ತ್’. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸತುವಿನ ಗಣಿ ಕಾರ್ಮಿಕರು 1950ರಲ್ಲಿ ಶುರು ಮಾಡಿದ ಮುಷ್ಕರದ ಕತೆ. ಗಂಡಸರು ಪಿಕೆಟ್ ಮಾಡದಂತೆ, ಅಂದರೆ ಗಣಿಯ ಮುಂದೆ ಸಾಲುಗಟ್ಟಿ ನಿಂತು ಪ್ರತಿಭಟಿಸದಂತೆ, ಕೋರ್ಟು ತಡೆದಾಗ ಅವರ ಹೆಂಡತಿಯರು ಹೋಗಿ ನಿಲ್ಲುತ್ತಾರೆ. ಈ ಸಿನಿಮಾವನ್ನು ಅಲ್ಲಿ ಯಾವ ಕಾನೂನೂ ನಿಷೇಧಿಸಲಿಲ್ಲ. ಆದರೂ ತಡೆದರು. ನಿರ್ದೇಶಕ ಹರ್ಬರ್ಟ್ ಬೈಬರ್‌ಮನ್ ಆಗಲೇ ಕಪ್ಪುಪಟ್ಟಿಯಲ್ಲಿದ್ದವರು, ಅಂದರೆ ಕಮ್ಯುನಿಸ್ಟ್ ಅಂತ ಹಾಲಿವುಡ್ ಕೆಲಸ ಕೊಡದೆ ದೂರ ಇಟ್ಟವರು. ಚಿತ್ರೀಕರಣ ಮುಗಿಯುವ ಮೊದಲೇ ನಾಯಕಿ ರೊಸೌರಾ ರೆವುಯೆಲ್ತಾಸ್ ಅವರನ್ನು ಬಂಧಿಸಿ ಮೆಕ್ಸಿಕೋಗೆ ಕಳಿಸಿದರು. ಸ್ಟುಡಿಯೊ ಒಡೆಯ ಹೊವರ್ಡ್ ಹ್ಯೂಸ್, ಲ್ಯಾಬ್‌ಗಳು ಫಿಲ್ಮ್ ತೊಳೆದು ಕೊಡದಿದ್ದರೆ ಸಾಕು ಅನ್ನುವಂಥ ಉಪಾಯಗಳನ್ನು ಪತ್ರದಲ್ಲೇ ಬರೆದುಕೊಟ್ಟರು. ಕೊನೆಗೆ ಪ್ರೊಜೆಕ್ಟರ್ ನಡೆಸುವವರ ಯೂನಿಯನ್ನೇ ರೀಲು ಹಾಕಲು ಒಪ್ಪಲಿಲ್ಲ. ಕಾರ್ಮಿಕರ ಸಿನಿಮಾಗೆ ಕಾರ್ಮಿಕರ ಸಂಘವೇ ಅಡ್ಡ. ಇದನ್ನು ಓದಿದ್ದ ನಾನೂ ಪ್ರೊಜೆಕ್ಟರ್ ವಿಷಯದಲ್ಲೇ ಸಿಕ್ಕಿಬಿದ್ದೆ, ನೋಡಿ.

"ಬರೆದುಕೊಡಿ" ಅಂದೆ. ಅವರು ಫೋನ್ ಇಟ್ಟರು. ಯಾರೂ ಬರೆದುಕೊಡಲ್ಲ ಅಂತ ಆಮೇಲೆ ಗೊತ್ತಾಯಿತು. ಬರೆದುಕೊಟ್ಟರೆ ಅದು ನಿಷೇಧ ಆಗಿಬಿಡುತ್ತೆ ಅಲ್ವಾ?

ಮರುದಿನ ಗೆಳೆಯರೊಬ್ಬರ ಕೋಣೆ, ಎರವಲು ಪ್ರೊಜೆಕ್ಟರ್, ಗೋಡೆಗೆ ಮೊಳೆ ಹೊಡೆದು ಕಟ್ಟಿದ ಬಿಳಿ ಬೆಡ್‌ಶೀಟು. ಮಧ್ಯದ ಮಡಿಕೆ ಎಷ್ಟು ಎಳೆದರೂ ಹೋಗಲಿಲ್ಲ. 94 ನಿಮಿಷವೂ ಪಾತ್ರಗಳ ಮೂಗು ಸೊಟ್ಟ.

ಅಂದಿನಿಂದ ಎರಡನೇ ಜಾಗ ಗೊತ್ತು ಮಾಡಿಕೊಳ್ಳದೆ ನಾನು ಪೋಸ್ಟರ್ ಅಂಟಿಸುವುದಿಲ್ಲ. ಅರ್ಜಿಯಲ್ಲಿ ಸಿನಿಮಾದ ಹೆಸರು, ಅದು ಯಾವುದರ ಬಗ್ಗೆ ಅಂತ ಪೂರ್ತಿ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. "ಸುಮ್ನೆ ‘ಕುಟುಂಬ ಚಿತ್ರ’ ಅಂತ ಬರೆದುಬಿಡು" ಅನ್ನುವವರಿದ್ದಾರೆ. ಬೈಬರ್‌ಮನ್ ತಂಡ ಲ್ಯಾಬ್‌ಗೆ ಸುಳ್ಳು ಹೆಸರಲ್ಲಿ ಫಿಲ್ಮ್ ಕಳಿಸಿತ್ತು, ನಿಜ. ಅವರಿಗೆ ಬೇರೆ ದಾರಿ ಇರಲಿಲ್ಲ. ನನಗೆ ಹಾಗೇನೂ ಇಲ್ಲ. ಬೇಡ ಅನ್ನುವವರು ಒಂದು ವಾರ ಮೊದಲೇ ಅನ್ನಲಿ.

ಅವತ್ತು ಜೈಲಿನ ದೃಶ್ಯ ಬಂತು. ಹಸಿದ ಮಗುವಿನ ಹಾಲಿಗಾಗಿ ಹೆಂಗಸರೆಲ್ಲ ಕಂಬಿ ಹಿಂದಿನಿಂದ ಕೂಗುತ್ತಾರೆ. ಬಾಗಿಲ ಹತ್ತಿರ ಯಾರೋ ನಿಂತಂತಾಯಿತು. ತಿರುಗಿ ನೋಡಿದರೆ ಆ ಹಾಲ್‌ನ ಪ್ರೊಜೆಕ್ಟರ್ ಹುಡುಗ.

"ಫೋಕಸ್ ಔಟ್ ಆಗಿದೆ ಸರ್" ಅಂದವನೇ ಬಂದು ಲೆನ್ಸ್ ತಿರುಗಿಸಿದ.